ಎಲೆ ಬೇರೆ, ಎಲೆಯ ಸಾರ ಬೇರೆ

ಮಗುವಿನ ಮೊಣಕೈ ಸಂದಿಯಲ್ಲಿ, ಮಂಡಿಯ ಹಿಂದೆ ಕೆಂಪಗೆ ಕೆರೆದ ಗುರುತು ಕಂಡರೆ ನಾವು ಇಬ್ಬರನ್ನು ಕೇಳುತ್ತೇವೆ. ಒಬ್ಬರು ಇಲ್ಲಿನ ಡಾಕ್ಟರು, ಇನ್ನೊಬ್ಬರು ವಿಡಿಯೋ ಕಾಲ್‌ನಲ್ಲಿ ಸಿಗುವ ಅಜ್ಜಿ. ಡಾಕ್ಟರು ಎಕ್ಸಿಮಾ ಎಂದು ಹೇಳಿ, ಮಾಯಿಶ್ಚರೈಸರ್ ಜೊತೆಗೆ ಸ್ಟೀರಾಯ್ಡ್ ಮುಲಾಮು ಬರೆದುಕೊಡುತ್ತಾರೆ. ಅಜ್ಜಿ ಇಸುಬು ಎನ್ನುತ್ತಾರೆ. "ಆ ಸ್ಟೀರಾಯ್ಡು ಗೀರಾಯ್ಡು ಬೇಡ, ಒಂದೆಲಗ ಅರೆದು ಹಚ್ಚು" ಎನ್ನುತ್ತಾರೆ. ನಡುವೆ ಸಿಕ್ಕಿಕೊಳ್ಳುವವರು ನೀವು.

ಗಿಡಗಳ ಸಾರ ತೆಗೆದು ಪರೀಕ್ಷಿಸುವುದು ನನ್ನ ದಿನದ ಕೆಲಸ. ಹಾಗಾಗಿ ಈ ತಿಂಗಳು ಈ ಜಗಳವನ್ನೇ ಎತ್ತಿಕೊಳ್ಳೋಣ.

ಮೊದಲು ಅಜ್ಜಿಯ ಪರವಾಗಿ ಒಂದು ಮಾತು. ನಿಮ್ಮ ಊರಿನ ಫಾರ್ಮಸಿಯಲ್ಲಿ "ಸಿಕಾ" ಎಂದು ಬರೆದ ದುಬಾರಿ ಕ್ರೀಮುಗಳನ್ನು ನೋಡಿರುತ್ತೀರಿ. ಟ್ಯೂಬಿನ ಹಿಂದೆ ಸಣ್ಣ ಅಕ್ಷರಗಳಲ್ಲಿ "ಸೆಂಟೆಲ್ಲಾ ಏಷ್ಯಾಟಿಕಾ" ಎಂದಿದ್ದರೆ ಅದು ಬೇರೇನೂ ಅಲ್ಲ, ನಮ್ಮ ಮಲೆನಾಡಿನ ತೋಟಗಳ ತೇವದಲ್ಲಿ ಹಬ್ಬುವ, ತಂಬುಳಿಗೆ ಹಾಕುವ ಒಂದೆಲಗ. ತುಳುವರು ಇದನ್ನೇ ತಿಮರೆ ಎನ್ನುತ್ತಾರೆ. ಇದರ ಎಲೆಯಲ್ಲಿ ಏಷ್ಯಾಟಿಕೋಸೈಡ್, ಮೆಡೆಕ್ಯಾಸೋಸೈಡ್ ಎಂಬ ಸಂಯುಕ್ತಗಳಿವೆ. ಚರ್ಮದ ಉರಿಯೂತವನ್ನು ಹೆಚ್ಚಿಸುವ ರಾಸಾಯನಿಕ ಸಂದೇಶಗಳನ್ನು ಇವು ತಗ್ಗಿಸುವುದು ಲ್ಯಾಬಿನ ಜೀವಕೋಶಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಅಜ್ಜಿಯ ಮಾತು ಬರೀ ನಂಬಿಕೆಯಲ್ಲ.

ಆದರೆ ಅಜ್ಜಿ ಹೇಳುವುದು ಎಲೆಯ ವಿಷಯ, ಲ್ಯಾಬಿನಲ್ಲಿ ಪರೀಕ್ಷೆಯಾದದ್ದು ಎಲೆಯ ಸಾರ. ಕಾಫಿಪುಡಿಯನ್ನು ಹಾಗೇ ಬಾಯಿಗೆ ಹಾಕಿಕೊಂಡರೆ ಕಾಫಿ ಕುಡಿದಂತಾಗುತ್ತದೆಯೇ? ಬಿಸಿನೀರು ಹಾಕಿ ಫಿಲ್ಟರಿನಲ್ಲಿ ಇಳಿಸಿದರೆ ಬೇಕಾದದ್ದು ಡಿಕಾಕ್ಷನ್ನಿಗೆ ಬರುತ್ತದೆ, ಚರಟ ಮೇಲೆ ಉಳಿಯುತ್ತದೆ. ನೀರಿನ ಬದಲು ಎಣ್ಣೆ ಹಾಕಿದರೆ ಇಳಿಯುವುದೇ ಬೇರೆ. ಒಂದೆಲಗವೂ ಹಾಗೆಯೇ. ಏಷ್ಯಾಟಿಕೋಸೈಡ್ ಆಲ್ಕೋಹಾಲ್ ಬೆರೆಸಿದ ನೀರಿಗೆ ಚೆನ್ನಾಗಿ ಇಳಿಯುತ್ತದೆ, ಎಣ್ಣೆಗೆ ಅಷ್ಟಾಗಿ ಇಳಿಯುವುದಿಲ್ಲ. ಮಣ್ಣು, ಮಳೆ, ಕೊಯ್ದ ಕಾಲ ಬದಲಾದಂತೆ ಎಲೆಯಲ್ಲಿರುವ ಪ್ರಮಾಣವೂ ಬದಲಾಗುತ್ತದೆ. ಅದಕ್ಕಾಗಿಯೇ ಯುರೋಪಿಯನ್ ಫಾರ್ಮಕೋಪಿಯಾ ಔಷಧಕ್ಕೆ ಬಳಸುವ ಒಣಗಿದ ಒಂದೆಲಗದಲ್ಲಿ ಈ ಬಗೆಯ ಸಂಯುಕ್ತಗಳು ಕನಿಷ್ಠ ಶೇ. 6ರಷ್ಟು ಇರಬೇಕೆಂದು ನಿಗದಿ ಮಾಡಿದೆ. ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಸಾರದಲ್ಲಿ ಶೇ. 40ರಷ್ಟು ಏಷ್ಯಾಟಿಕೋಸೈಡ್ ಇದ್ದು, ಉಳಿದದ್ದು ಏಷ್ಯಾಟಿಕ್ ಮತ್ತು ಮೆಡೆಕ್ಯಾಸಿಕ್ ಆಮ್ಲಗಳು. ಒರಳಿನಲ್ಲಿ ಅರೆದ ಹಸಿ ಎಲೆಗೆ ಇಂಥ ಲೆಕ್ಕ ಇಲ್ಲ. ಅದರಲ್ಲಿ ಮಣ್ಣಿನ ಸೂಕ್ಷ್ಮಾಣುಗಳೂ ಬರುತ್ತವೆ, ಎಲೆಯ ಇತರ ಅಂಶಗಳೂ ಬರುತ್ತವೆ.

ಎಕ್ಸಿಮಾ ಇರುವ ಮಗುವಿನ ಚರ್ಮ ಬಿರುಕು ಬಿಟ್ಟ ಗೋಡೆಯಂತೆ. ಒಳಗಿನ ತೇವ ಹೊರಗೆ ಹೋಗುತ್ತದೆ, ಹೊರಗಿನದು ಒಳಗೆ ನುಗ್ಗುತ್ತದೆ. ಲಂಡನ್ನಿನ ಹೀಟರು, ದುಬೈನ ಏಸಿ ಎರಡೂ ಮನೆಯ ಗಾಳಿಯನ್ನು ಒಣಗಿಸಿ ಬಿರುಕನ್ನು ಹೆಚ್ಚಿಸುತ್ತವೆ. ಗಟ್ಟಿ ಚರ್ಮ ತಡೆದುಕೊಳ್ಳುವ ಹಸಿ ಎಲೆ ಈ ಚರ್ಮಕ್ಕೆ ಉರಿ ತರಬಹುದು, ಸೋಂಕು ತರಬಹುದು. ಒಂದೆಲಗದ ಕ್ರೀಮಿಗೇ ಅಲರ್ಜಿಯಾದವರೂ ಇದ್ದಾರೆ. ಇನ್ನು ಪುರಾವೆಯ ಮಾತು: ಗಾಯ ಮಾಯುವುದಕ್ಕೆ ಒಂದೆಲಗದ ಸಾರದ ಬಗ್ಗೆ ಇರುವಷ್ಟು ಅಧ್ಯಯನ ಮಕ್ಕಳ ಎಕ್ಸಿಮಾದ ಬಗ್ಗೆ ಇಲ್ಲ.

ಇದಕ್ಕಿಂತ ದೊಡ್ಡ ಅಪಾಯ "ಪೂರ್ತಿ ಗಿಡಮೂಲಿಕೆ" ಎಂದು ಲೇಬಲ್ಲಿಲ್ಲದ ಡಬ್ಬಿಯಲ್ಲಿ ಬರುವ ಕ್ರೀಮಿನದು. ಬರ್ಮಿಂಗ್‌ಹ್ಯಾಮಿನ ವೈದ್ಯರು ಎಕ್ಸಿಮಾ ಇರುವ ಮಕ್ಕಳಿಗೆ ಹಚ್ಚುತ್ತಿದ್ದ 24 ಗಿಡಮೂಲಿಕೆ ಕ್ರೀಮುಗಳನ್ನು ಪರೀಕ್ಷಿಸಿ 2003ರಲ್ಲಿ ವರದಿ ಪ್ರಕಟಿಸಿದರು. ಅವುಗಳಲ್ಲಿ 20ರಲ್ಲಿ ಸ್ಟೀರಾಯ್ಡ್ ಇತ್ತು. ಹಲವದರಲ್ಲಿ ಇದ್ದದ್ದು ಕ್ಲೊಬೆಟಾಸೋಲ್, ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಅತ್ಯಂತ ಬಲವಾದವುಗಳಲ್ಲಿ ಒಂದು. ಡಾಕ್ಟರು ಬರೆದ ಸೌಮ್ಯ ಮುಲಾಮಿಗೆ ಹೆದರಿದ ತಂದೆ ತಾಯಂದಿರು ಅದಕ್ಕಿಂತ ಎಷ್ಟೋ ಪಟ್ಟು ಬಲವಾದದ್ದನ್ನು ಗೊತ್ತಿಲ್ಲದೆ ಮಗುವಿನ ಮುಖಕ್ಕೆ ಹಚ್ಚುವಂತಾಗುತ್ತದೆ. ಚರ್ಮ ತೆಳುವಾಗುವುದು, ಬೆಳವಣಿಗೆ ಕುಂಠಿತವಾಗುವುದು ಹೀಗೆ. ಯಾವುದಾದರೂ "ಎಲೆ ಕ್ರೀಮು" ಎರಡೇ ದಿನದಲ್ಲಿ ಪವಾಡ ಮಾಡಿದರೆ ಖುಷಿಪಡುವ ಮೊದಲು ಅನುಮಾನಪಡಿ. ಡಬ್ಬಿಯನ್ನು ಡಾಕ್ಟರಿಗೆ ತೋರಿಸಿ. ಬಹಳ ದಿನ ಹಚ್ಚಿದ್ದರೆ ಒಮ್ಮೆಲೇ ನಿಲ್ಲಿಸದೆ ಅವರನ್ನು ಕೇಳಿ.

ಹಾಗಾದರೆ ಮಾಡುವುದೇನು? ಡಾಕ್ಟರು ಹೇಳಿದ ಮಾಯಿಶ್ಚರೈಸರು, ಮುಲಾಮು ಹೇಳಿದಷ್ಟು ದಿನ, ಹೇಳಿದ ಪ್ರಮಾಣದಲ್ಲಿ ನಡೆಯಲಿ. ಸಿಕಾ ಕ್ರೀಮು ಬೇಕೆನಿಸಿದರೆ ಸುವಾಸನೆ ಇಲ್ಲದ, ಒಳಗೇನಿದೆ ಎಂದು ಪೂರ್ತಿ ಬರೆದಿರುವ ಟ್ಯೂಬನ್ನೇ ಕೊಳ್ಳಿ. ಮೊದಲು ಮುಂಗೈಯ ಒಳಭಾಗದಲ್ಲಿ, ಚರ್ಮ ಚೆನ್ನಾಗಿರುವ ಕಡೆ ಒಂದು ವಾರ ದಿನಕ್ಕೆರಡು ಸಲ ಸ್ವಲ್ಪ ಹಚ್ಚಿ ನೋಡಿ. ಒಡೆದ, ರಸ ಸೋರುವ ಜಾಗಕ್ಕೆ ಯಾವ ಎಲೆಯೂ ಬೇಡ.

ಇನ್ನೊಂದು ಕೆಲಸ ಭಾಷೆಯದು. ಮಗುವಿಗೆ ತುರಿಕೆ, ಉರಿ, ನೋವು ಎಂಬ ಮೂರು ಪದಗಳನ್ನು ಬೇರೆ ಬೇರೆಯಾಗಿ ಕಲಿಸಿ, ಶಾಲೆಯ ಭಾಷೆಯಲ್ಲೂ ಅವಕ್ಕೆ ಸಮನಾದ ಪದ ಹೇಳಿಕೊಡಿ. ತುರಿಕೆ ಎಕ್ಸಿಮಾದ ಮುಖ್ಯ ಲಕ್ಷಣ. ಹಚ್ಚಿದ ಮೇಲೆ ಉರಿ ಹೆಚ್ಚುತ್ತಾ ಹೋದರೆ ಕ್ರೀಮು ಒಗ್ಗಿಲ್ಲದಿರಬಹುದು. ನೋವಿನ ಜೊತೆ ಹಳದಿ ಹಕ್ಕಳೆ, ಜ್ವರ ಇದ್ದರೆ ಅದು ಸೋಂಕಿರಬಹುದು, ತಡ ಮಾಡಬಾರದು. "ಏನೋ ಆಗ್ತಿದೆ" ಎಂದು ಅಳುವ ಮಗುವಿಗಿಂತ "ಅಮ್ಮಾ, ತುರಿಕೆ ಅಲ್ಲ, ಉರಿ" ಎನ್ನುವ ಮಗುವಿಗೆ ಬೇಗ ಸರಿಯಾದ ಚಿಕಿತ್ಸೆ ಸಿಗುತ್ತದೆ.

ಅಜ್ಜಿಗೆ ಬೇಜಾರು ಮಾಡುವ ಅಗತ್ಯವೂ ಇಲ್ಲ. ಶ್ರೀಲಂಕಾದವರ ಅಂಗಡಿಯಲ್ಲಿ ಗೋಟುಕೊಲ, ತಮಿಳರ ಅಂಗಡಿಯಲ್ಲಿ ವಲ್ಲಾರೈ ಎಂದು ಕೇಳಿದರೆ ಒಂದೆಲಗ ಸಿಗುತ್ತದೆ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ತಂಬುಳಿ ಹೇಗೆ ಮಾಡುವುದೆಂದು ಅವರನ್ನೇ ಕೇಳಿ. ಎಲೆ ಊಟದ ತಟ್ಟೆಗೆ ಬರಲಿ, ಚರ್ಮದ ಮಾತು ಡಾಕ್ಟರ ಜೊತೆ ನಡೆಯಲಿ.