ವಾಸನೆಗೆ ಒಗ್ಗಿದ ಮೂಗು

ಹದಿನೈದು ವರ್ಷ ತುಂಬಿದ ಕಾರನ್ನು ಗುಜರಿಗೆ ಹಾಕಬೇಕೆಂಬ ಮಾತು 2021ರಲ್ಲಿ ಕೇಂದ್ರದ ಗುಜರಿ ನೀತಿ ಬಂದಂದಿನಿಂದ ಜೋರಾಗಿದೆ. ನಡುರಸ್ತೆಯಲ್ಲಿ ಹೊತ್ತಿ ಉರಿಯುವ ಕಾರಿನ ವಿಡಿಯೊ ಕಂಡಾಗಲೆಲ್ಲ ಅದಕ್ಕೆ ಇನ್ನಷ್ಟು ಬಲ ಬರುತ್ತದೆ. ಆದರೆ ರೋಣ, ನರಗುಂದ, ಗಜೇಂದ್ರಗಡದ ಕಡೆ ಹಳೆಯ ಓಮ್ನಿ, ಮಾರುತಿ 800 ಉಳಿದಿರುವುದು ಷೋಕಿಗಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಬಸುರಿಯನ್ನು ಗದಗಿನ ಆಸ್ಪತ್ರೆಗೆ ಮುಟ್ಟಿಸಬೇಕಾದರೆ ಓಣಿಯಲ್ಲಿ ಸಿಗುವುದು ಅದೇ ಗಾಡಿ. ಆದ್ದರಿಂದ ಬೆಂಕಿಯ ಹೊಣೆಯನ್ನು ವಯಸ್ಸಿನ ತಲೆಗೆ ಕಟ್ಟುವ ಮುನ್ನ, ಅದು ಹೊತ್ತುವುದು ಹೇಗೆಂದು ನೋಡಬೇಕು.

ತಗಡಿಗಿಂತ ಮೊದಲು ಮುಪ್ಪಾಗುವುದು ರಬ್ಬರು. ಇಂಜಿನ್ ತಣ್ಣಗಿದ್ದಾಗ ಪೆಟ್ರೋಲ್ ಪೈಪನ್ನು ಕ್ಲಿಪ್ಪಿನ ಬಳಿ ತುಸು ಬಗ್ಗಿಸಿದರೆ ಕೂದಲೆಳೆಯಂಥ ಸೀಳುಗಳು ಬಾಯಿಬಿಡುತ್ತವೆ. ಇಂಜಿನ್ನಿನ ಕಾವು, ನಮ್ಮ ಬೇಸಿಗೆಯ ಬಿಸಿಲು, ಮೇವಿನ ಪಕ್ಕದಲ್ಲೇ ನಿಲ್ಲಿಸಿದ ಗಾಡಿಗೆ ಇಲಿಯ ಹಲ್ಲು, ಎಲ್ಲವೂ ಅದರ ಮೇಲೆಯೇ. ಈಗ ಪೆಟ್ರೋಲಿಗೆ ಶೇ 20ರಷ್ಟು ಎಥನಾಲ್ ಬೆರೆಯುತ್ತಿದೆ. ಅದಕ್ಕೆಂದು ತಯಾರಾಗದ ಹಳೆಯ ರಬ್ಬರು ಉಬ್ಬಿ ಸಡಿಲಾಗಬಹುದು. ಪೆಟ್ರೋಲು ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ. ಮುಚ್ಚಿದ ಶೆಡ್ಡಿನಲ್ಲಿ ನೆಲ ಹಿಡಿದು ಕೂರುತ್ತದೆ. ಸುಲಿದ ವೈರಿನ ಒಂದು ಕಿಡಿ ಸಾಕು. ಡೀಸೆಲ್ ಗಾಡಿಗೆ ಕಿಡಿಯೂ ಬೇಡ, ಕಾದ ಎಕ್ಸಾಸ್ಟ್ ಮೇಲೆ ಸೋರಿದರಾಯಿತು.

ಸೋರಿಕೆ ತಿಳಿಯುವುದಿಲ್ಲವೆ? ಎಲ್ಲರಿಗೂ ತಿಳಿಯುತ್ತದೆ. ಟ್ಯಾಂಕಿನ ತೂತಿಗೆ ಬಟ್ಟೆ ಸಾಬೂನು ತಿಕ್ಕುತ್ತಾರೆ. ಸಾಬೂನು ಪೆಟ್ರೋಲಿಗೆ ಕರಗದ್ದರಿಂದ ಗ್ಯಾರೇಜು ಮುಟ್ಟುವ ತನಕ ಅದು ತಡೆಯುತ್ತದೆ, ಉಪಾಯವೇನೋ ಜಾಣತನದ್ದೇ. ತಪ್ಪಾಗುವುದು ಆಮೇಲೆ. ‘ನಡೀತದ ಬಿಡ್ರಿ’ ಎಂದು ಒಂದು ದಾರಿಯ ಸಾಬೂನಿನಲ್ಲೇ ಸುಗ್ಗಿಯಿಂದ ಸುಗ್ಗಿಗೆ ಗಾಡಿ ಓಡಿಸುತ್ತೇವೆ.

ವಯಸ್ಸಿನ ಗೆರೆ ಎಳೆಯುವುದು ಸರ್ಕಾರಕ್ಕೆ ಸುಲಭ, ಜಾರಿಯೂ ಸುಲಭ ಎನ್ನಬಹುದು. ಆದರೆ ಈಚಿನ ಇಂಜೆಕ್ಷನ್ ಇಂಜಿನ್ನಿನ ಪೈಪಿನಲ್ಲಿ ಒತ್ತಡ ಕಾರ್ಬುರೇಟರ್ ಕಾಲಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅದು ಸೋರಿದರೆ ತೊಟ್ಟಿಕ್ಕುವುದಿಲ್ಲ, ಚಿಮ್ಮುತ್ತದೆ. ಹೊಸದೆಂಬ ಒಂದೇ ಕಾರಣಕ್ಕೆ ಯಾವ ಕಾರೂ ಪಾರಾಗದು. ಇನ್ನು ಸ್ವಂತ ಕಾರಿಗೆ ಹದಿನೈದರ ಬಳಿಕ ಆರ್‌ಟಿಒ ಕೊಡುವ ನವೀಕರಣ ಐದು ವರ್ಷದ್ದು. ತಪಾಸಣೆಯ ದಿನ ಗಟ್ಟಿಯಿದ್ದ ರಬ್ಬರು ಐದು ವರ್ಷವೂ ಹಾಗೇ ಇರಬೇಕೆಂದಿಲ್ಲ. ಹೊಗೆ, ಬ್ರೇಕು ನೋಡುವಷ್ಟೇ ಕಟ್ಟುನಿಟ್ಟಾಗಿ ಪೈಪು, ಕ್ಲಿಪ್ಪು, ವೈರಿಂಗ್ ನೋಡಲಿ. ಸೀಳು ಕಾಣುವವರೆಗೆ ಕಾಯದೆ ಕೆಲವು ವರ್ಷಕ್ಕೊಮ್ಮೆ ಪೈಪು ಬದಲಿಸುವ ಖರ್ಚು ಟ್ಯಾಂಕ್ ಒಮ್ಮೆ ತುಂಬಿಸುವ ದುಡ್ಡಿಗಿಂತ ಕಡಿಮೆ.

ದಿನವೂ ಓಡಿಸುವವನ ಮೂಗು ವಾಸನೆಗೆ ಒಗ್ಗಿಹೋಗಿರುತ್ತದೆ. ಹೊಸದಾಗಿ ಹತ್ತಿದವರ ಮೂಗೇ ಇಲ್ಲಿ ಸರಿಯಾದ ಸಾಕ್ಷಿ. ಅವರು ಸಂಕೋಚ ಬಿಟ್ಟು ಗಾಡಿ ನಿಲ್ಲಿಸಿ ಎನ್ನಬೇಕು, ಸೋರುವ ಗಾಡಿಯನ್ನು ಹಾಗೇ ಕಳಿಸೆನು ಎಂದು ಮಿಸ್ತ್ರಿಯೂ ಹೇಳಬೇಕು. ಬಾನೆಟ್ಟಿನಿಂದ ಹೊಗೆ ಕಂಡರೆ ಇಂಜಿನ್ ಬಂದ್ ಮಾಡಿ, ಎಲ್ಲರನ್ನೂ ಇಳಿಸಿ, ದೂರ ಸರಿದು 112ಕ್ಕೆ ಫೋನ್ ಮಾಡಬೇಕು. ಬಾನೆಟ್ ಎತ್ತಿದರೆ ಗಾಳಿ ನುಗ್ಗಿ ಉರಿ ಭುಗಿಲೇಳುತ್ತದೆ. ಬಡವನ ಗಾಡಿಯನ್ನು ಕಿತ್ತುಕೊಳ್ಳುವ ಕಾನೂನಿಗಿಂತ ಇಷ್ಟು ಎಚ್ಚರ ಅಗ್ಗ, ಹೆಚ್ಚು ಜೀವ ಉಳಿಸುವಂಥದ್ದು ಕೂಡ.