ದಂಡಿನಿಂದ ಬಂದವನಿಗೆ ಯಾವ ಕಚೇರಿಯ ಬಾಗಿಲು?

ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ಈ ದಿನದ ಹೆಸರಿನಲ್ಲಿ ನಿಧಿ ಕೂಡಿಸಲಾಗುತ್ತಿದೆ. ವಂತಿಗೆ ಕೊಡುವವರು ದೊಡ್ಡ ಸಾಹುಕಾರರಷ್ಟೇ ಅಲ್ಲ. ಕೊಪ್ಪಳದ ಕಿರಾಣಿ ಅಂಗಡಿಯವನೂ, ಗಂಗಾವತಿಯ ಅಕ್ಕಿ ಗಿರಣಿಯ ಹಮಾಲನೂ ಕೊಡುತ್ತಾರೆ. ಕೊಟ್ಟವರಿಗೆ ಒಂದು ಪ್ರಶ್ನೆ ಕೇಳುವ ಹಕ್ಕುಂಟು. ದಂಡಿನಲ್ಲಿ ದುಡಿದು ಊರಿಗೆ ಮರಳಿದವನು ತನ್ನ ಕೆಲಸಕ್ಕೆ ಯಾವ ಕಚೇರಿಯ ಬಾಗಿಲು ಬಡಿಯಬೇಕು? ಭಾಷಣ, ಹಾರ, ಶಾಲುಗಳ ನಡುವೆ ಈ ಸಣ್ಣ ಪ್ರಶ್ನೆಗೆ ಉತ್ತರ ಸಿಕ್ಕುವುದಿಲ್ಲ.

ಸೈನಿಕನೆಂದರೆ ಬೇರೆ ಲೋಕದವನೇನೂ ಅಲ್ಲ. ಕುಷ್ಟಗಿ, ಯಲಬುರ್ಗಾಗಳ ಮಳೆ ನಂಬಿದ ಹೊಲದಲ್ಲಿ ಹೊಟ್ಟೆ ತುಂಬದ ಮನೆಗಳಿಂದಲೇ ಹುಡುಗರು ಭರ್ತಿಗೆ ಓಡುತ್ತಾರೆ. ಗಿರಣಿ ಕಾರ್ಮಿಕನಂತೆ ಅವನೂ ತನ್ನ ಮೈಬಲವನ್ನು ಸಂಬಳಕ್ಕೆ ಒಪ್ಪಿಸಿದ ದುಡಿಮೆಗಾರ. ಒಂದು ಭೇದವುಂಟು. ಶಾಲಾ ಮಾಸ್ತರು 60ಕ್ಕೆ ನಿವೃತ್ತರಾದರೆ, ಸಾಮಾನ್ಯ ಜವಾನ 35-40ರ ವಯಸ್ಸಿಗೇ ಮನೆಗೆ ಬರುತ್ತಾನೆ. ಆಗ ಮಕ್ಕಳು ಶಾಲೆಯಲ್ಲಿರುತ್ತಾರೆ, ತಂದೆತಾಯಿ ಮುಪ್ಪಿನಲ್ಲಿರುತ್ತಾರೆ. ಗಡಿ ಕಾದವನು ಗುತ್ತಿಗೆದಾರನ ಕೈಕೆಳಗೆ ಕಾರ್ಖಾನೆಯ ಗೇಟು ಕಾಯಲು ನಿಲ್ಲುತ್ತಾನೆ. ಗೇಟಿನ ಒಳಗೆ ದುಡಿಯುವವನ ಕಷ್ಟವೂ ಗೇಟಿನಲ್ಲಿ ನಿಂತವನ ಕಷ್ಟವೂ ಒಂದೇ ತಕ್ಕಡಿಯವು.

ಕಾಗದದ ಮೇಲೆ ಅವನಿಗೆ ಕೊರತೆಯಿಲ್ಲ. 1969ರ ಭೂಮಂಜೂರಾತಿ ನಿಯಮಗಳಂತೆ, ಹಂಚಲು ಲಭ್ಯವಿರುವ ಸರಕಾರಿ ಭೂಮಿಯಲ್ಲಿ ನೂರಕ್ಕೆ 10 ಭಾಗ ಸೈನಿಕರಿಗೂ ಮಾಜಿ ಸೈನಿಕರಿಗೂ ಮೀಸಲು. ರಾಜ್ಯ ಸರಕಾರದ ನೇಮಕಾತಿಯಲ್ಲೂ ಮಾಜಿ ಸೈನಿಕರಿಗೆ ಶೇಕಡಾ 10ರ ಮೀಸಲಾತಿಯುಂಟು. ಪಟ್ಟಣದಲ್ಲಿ ಅವನು ವಾಸಿಸುವ ಸ್ವಂತ ಮನೆಯ ತೆರಿಗೆಯಲ್ಲಿ ಅರ್ಧ ರಿಯಾಯಿತಿಯುಂಟು. ಪಿಂಚಣಿಗೆ ಬೇಕಾದ 15 ವರ್ಷ ತುಂಬುವ ಮುನ್ನವೇ ಹೊರಬಂದವರಿದ್ದಾರೆ. ಹವಾಲ್ದಾರ್ ದರ್ಜೆಯವರೆಗಿನ ಅಂಥವರಿಗೂ ಅವರ ವಿಧವೆಯರಿಗೂ 65 ವರ್ಷ ದಾಟಿದ ಮೇಲೆ ಕೇಂದ್ರೀಯ ಸೈನಿಕ ಮಂಡಳಿ ಬಡತನದ ನೆರವು ಕೊಡುತ್ತದೆ. ತಿಂಗಳಿಗೆ 4,000 ರೂಪಾಯಿ ಇದ್ದ ಈ ನೆರವನ್ನು 2025ರ ನವೆಂಬರ್ 1ರಿಂದ ಬರುವ ಅರ್ಜಿಗಳಿಗೆ 8,000ಕ್ಕೆ ಏರಿಸಲಾಗಿದೆ. ಮಕ್ಕಳ ಓದಿನ ನೆರವೂ ತಿಂಗಳಿಗೆ 1,000ದಿಂದ 2,000ಕ್ಕೆ ಏರಿದೆ. ಈ ಏರಿಕೆಯನ್ನು ನಾವು ಸ್ವಾಗತಿಸುತ್ತೇವೆ. ಆದರೆ ಅರ್ಜಿಯೇ ಮುಟ್ಟದ ಮನೆಗೆ ನಾಲ್ಕು ಸಾವಿರವಾದರೇನು, ಎಂಟು ಸಾವಿರವಾದರೇನು?

ರೋಗದ ಮೂಲ ಇಲ್ಲಿಯೇ ಇದೆ. ಸೈನಿಕ ಮಂಡಳಿಗಳ ಏರ್ಪಾಡು ಮೊದಲ ಮಹಾಯುದ್ಧದ ಕಾಲದ್ದು. ಮುಂದಿನ ಯುದ್ಧಕ್ಕೂ ಬ್ರಿಟಿಷರಿಗೆ ಜನ ಬೇಕಾಗಿತ್ತು. ಆದ್ದರಿಂದ ಭರ್ತಿ ಹೆಚ್ಚಿದ್ದ ಕಡೆಗೆ ಅವರ ಕಣ್ಣು ಹರಿಯಿತು. ಸ್ವರಾಜ್ಯ ಬಂದ ಮೇಲೂ ತಲೆ ಎಣಿಸುವ ಪದ್ಧತಿ ಹೋಗಲಿಲ್ಲ. ಮಾಜಿ ಸೈನಿಕರು ಮತ್ತು ವಿಧವೆಯರ ಸಂಖ್ಯೆ 7,500 ಇದ್ದರೆ ಒಂದು ಜಿಲ್ಲಾ ಸೈನಿಕ ಕಚೇರಿ ಎಂಬುದು ಕೇಂದ್ರದ ಅಳತೆ. ಕರ್ನಾಟಕದ 31 ಜಿಲ್ಲೆಗಳಿಗೂ ಒಂದೊಂದು ಕಚೇರಿಯಿಲ್ಲ. ಸಂಖ್ಯೆ ಕಡಿಮೆ ಇದ್ದಲ್ಲಿ ಎರಡು ಮೂರು ಜಿಲ್ಲೆಗಳನ್ನು ಒಂದೇ ಕಚೇರಿಗೆ ಗಂಟು ಹಾಕಲಾಗಿದೆ.

ನಮ್ಮ ನಾಡು ಕೊಡಗಿನಂತೆ, ಬೆಳಗಾವಿಯಂತೆ ಭರ್ತಿಗೆ ಹೆಸರಾದುದಲ್ಲ. 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ಸೀಮೆ ಇದು. ಬ್ರಿಟಿಷ್ ಇಂಡಿಯಾದ ಸೈನ್ಯದಲ್ಲಿ ಹೈದರಾಬಾದಿನ ಹೆಸರಿನ ರೆಜಿಮೆಂಟೊಂದು ಇದ್ದುದು ನಿಜ. ಆದರೆ ಅದಕ್ಕೆ ಉತ್ತರದ ಗುಡ್ಡಗಾಡಿನವರನ್ನೇ ಹೆಚ್ಚಾಗಿ ತುಂಬಿಕೊಂಡು, 1945ರಲ್ಲಿ ಕುಮಾವೂ ರೆಜಿಮೆಂಟ್ ಎಂದು ಹೆಸರು ಬದಲಿಸಲಾಯಿತು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಹುಟ್ಟಿದ ಕೊಪ್ಪಳ ಜಿಲ್ಲೆಗೆ ಈ ಚರಿತ್ರೆಯ ಭಾರವೂ ಪಾಲಿಗೆ ಬಂದಿದೆ. ಸೈನಿಕರು ಕೆಲವರೇ ಇದ್ದಾರೆಂದು ಸೇವೆಯನ್ನು ದೂರವಿಡುವುದು ಯಾವ ನ್ಯಾಯ? ಊರಿನಲ್ಲಿ ರೋಗಿಗಳು ಕಡಿಮೆಯೆಂದು ದವಾಖಾನೆಗೆ ಬೀಗ ಹಾಕುವುದುಂಟೆ?

ದೂರದ ಕಚೇರಿಯ ಬೆಲೆಯನ್ನು ತೆರುವವರು ಯಾರು? ಸೈನಿಕನ ವಿಧವೆ. ಗಂಡನ ಡಿಸ್ಚಾರ್ಜ್ ಪುಸ್ತಕದಲ್ಲಿ ಅವಳ ಹೆಸರು ಒಂದು ಬಗೆ, ಆಧಾರ್ ಚೀಟಿಯಲ್ಲಿ ಇನ್ನೊಂದು ಬಗೆ. ತವರಿನ ಹೆಸರು ಬೇರೆ, ಗಂಡನ ಮನೆಯಲ್ಲಿ ಕರೆದ ಹೆಸರು ಬೇರೆ. ಒಂದು ಅಕ್ಷರ ತಪ್ಪಿದರೆ ಕಡತ ನಿಲ್ಲುತ್ತದೆ. ಸೈನ್ಯದ ಪಿಂಚಣಿ ಈಗ ‘ಸ್ಪರ್ಶ್’ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಸೇರಿದೆ. ವರ್ಷಕ್ಕೊಮ್ಮೆ, ತಾನು ಬದುಕಿದ್ದೇನೆಂದು ಅವಳು ರುಜುವಾತು ಕೊಡಬೇಕು. ಹೊಲದ ಕೆಲಸದಲ್ಲಿ ಸವೆದ ಬೆರಳಿನ ಗುರುತನ್ನು ಯಂತ್ರ ಒಪ್ಪದಿದ್ದರೆ ಮುದುಕಿ ಎಲ್ಲಿಗೆ ಹೋಗಬೇಕು? ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ಖರ್ಚು ಹಾಕಿ ಹೋದರೆ ‘ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ನಾಳೆ ಬಾ’ ಎಂಬ ಮಾತು. ಆ ನಾಳೆಯಲ್ಲಿ ಅರ್ಜಿಯೂ ಸಾಯುತ್ತದೆ, ಅರ್ಜಿದಾರಳೂ ಸಾಯುತ್ತಾಳೆ. ಈ ಸಂದಿಯಲ್ಲಿಯೇ ದಲ್ಲಾಳಿ ಹುಟ್ಟುತ್ತಾನೆ.

ಭೂಮಿಯ ಮಾತಿನಲ್ಲಿ ಒಂದು ಎಚ್ಚರಿಕೆ ಅಗತ್ಯ. ಅದೇ 1969ರ ನಿಯಮದಲ್ಲಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ಶೇಕಡಾ 50 ಮೀಸಲಿದೆ. ಸೈನಿಕನ ಪಾಲು ಕೇಳುವಾಗ ಭೂಹೀನ ಕೂಲಿಯ ಪಾಲಿಗೆ ಕೈಹಾಕುವ ಮಾತು ನಮ್ಮದಲ್ಲ. ಇಬ್ಬರು ಬಡವರನ್ನು ಜಗಳಕ್ಕೆ ಬಿಟ್ಟು ಒತ್ತುವರಿದಾರ ನಗುವಂತಾಗಬಾರದು. ಯಾವ ಹಳ್ಳಿಯ ಯಾವ ಸರ್ವೆ ನಂಬರಿನಲ್ಲಿ ಹಂಚಬಹುದಾದ ಭೂಮಿ ಎಷ್ಟಿದೆ, ಯಾರ ಅರ್ಜಿ ಎಷ್ಟು ವರ್ಷದಿಂದ ಬಿದ್ದಿದೆ, ಯಾರ ಸ್ವಾಧೀನದಲ್ಲಿ ಏನಿದೆ ಎಂಬ ಪಟ್ಟಿಯನ್ನು ತಹಶೀಲ್ದಾರರು ಬಹಿರಂಗಪಡಿಸಲಿ. ಭೂಮಿ ಇಲ್ಲದಿದ್ದರೆ ಇಲ್ಲವೆಂದು ಬರೆದು ಕೊಡಲಿ. ಆಸೆ ತೋರಿಸಿ ಅಲೆದಾಡಿಸುವುದು ಇಲ್ಲವೆನ್ನುವುದಕ್ಕಿಂತ ಕ್ರೂರ.

ಇನ್ನೊಂದು ಹೊರೆ ಹೊಸಿಲಿನಲ್ಲಿದೆ. 2022ರ ಜೂನ್‌ನಲ್ಲಿ ಕೇಂದ್ರ ಸರಕಾರ ಅಗ್ನಿಪಥ ಯೋಜನೆ ಸಾರಿತು. ನಾಲ್ಕು ವರ್ಷದ ಸೇವೆಯ ಬಳಿಕ ನೂರರಲ್ಲಿ 25 ಮಂದಿಯವರೆಗೆ ಉಳಿಸಿಕೊಂಡು ಮಿಕ್ಕವರನ್ನು ಮನೆಗೆ ಕಳಿಸುವುದು ಅದರ ಕ್ರಮ. ಅವರ ಕೈಗೆ ಬರುವುದು ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿ, ಅದರಲ್ಲೂ ಅರ್ಧ ಅವರದೇ ಸಂಬಳದಿಂದ ಮುರಿದುದು. ಪಿಂಚಣಿಯಿಲ್ಲ, ಮಾಜಿ ಸೈನಿಕನೆಂಬ ಸ್ಥಾನವೂ ಇಲ್ಲ. ಮೊದಲ ತಂಡದ ಅವಧಿ ತುಂಬುವುದು 2026ರ ಕೊನೆ ಮತ್ತು 2027ರ ಆರಂಭದ ಹೊತ್ತಿಗೆ. ಇಪ್ಪತ್ತೆರಡು, ಇಪ್ಪತ್ತೈದರ ಹರೆಯದ ಈ ಹುಡುಗರು ಸೈನಿಕ ಕಚೇರಿಯ ಲೆಕ್ಕಕ್ಕೇ ಬಾರದಿದ್ದರೆ, 7,500ರ ಅಳತೆಗೆ ಅವರ ತಲೆಯೂ ಸೇರುವುದಿಲ್ಲ. ಗಿರಣಿ ಮಾಲೀಕ ಮಾಡಿದರೆ ಹಂಗಾಮಿ ದುಡಿಮೆ ಎನ್ನುತ್ತೇವೆ. ಸರಕಾರ ಮಾಡಿದರೆ ಅದಕ್ಕೆ ಬೇರೆ ಹೆಸರೇಕೆ?

ನಮ್ಮ ಬೇಡಿಕೆಗಳು ಆಕಾಶದ ಮಲ್ಲಿಗೆಯಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿಯೂ, ಹೊಸ ತಾಲೂಕುಗಳಾದ ಕುಕನೂರು, ಕಾರಟಗಿ, ಕನಕಗಿರಿಗಳಲ್ಲಿಯೂ ತಿಂಗಳಿಗೊಂದು ಗೊತ್ತಾದ ದಿನ ಸೈನಿಕ ಕಲ್ಯಾಣ ಇಲಾಖೆಯ ಅಧಿಕಾರಿ ತಹಶೀಲ್ದಾರ ಕಚೇರಿಯಲ್ಲಿ ಕೂಡಬೇಕು. ಅಲ್ಲಿಯೇ ಅರ್ಜಿ ಬರೆಸಿ, ನಂಬರು ಹಾಕಿ, ರಸೀದಿ ಕೊಡಬೇಕು. ಮಾಜಿ ಸೈನಿಕರು, ವಿಧವೆಯರು, ಮರಳಿ ಬರುವ ಅಗ್ನಿವೀರರು ಎಲ್ಲರ ದಫ್ತರವನ್ನು ಪ್ರತಿ ಗ್ರಾಮ ಪಂಚಾಯಿತಿ ಇಡಬೇಕು. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳು ತೆರಿಗೆ ರಿಯಾಯಿತಿಯ ನಿಯಮವನ್ನು ಕನ್ನಡದಲ್ಲಿ ಬರೆದು ಗೋಡೆಗೆ ಹಚ್ಚಬೇಕು. ಜಿಲ್ಲಾ ಸೈನಿಕ ಮಂಡಳಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರೆಂಬುದು ಕೇಂದ್ರದ ನಿಯಮ. ಆ ಅಧಿಕಾರದಿಂದ ಮೂರು ತಿಂಗಳಿಗೊಮ್ಮೆ ಇತ್ಯರ್ಥವಾದ ಅರ್ಜಿ ಎಷ್ಟು, ಬಾಕಿ ಎಷ್ಟು ಎಂದು ಅವರು ಪ್ರಕಟಿಸಬೇಕು. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಕಾನೂನೂ ಬೇಡ. ಇದ್ದ ಕುರ್ಚಿಯಲ್ಲಿ ಕೂಡ್ರುವ ಮನಸ್ಸು ಬೇಕು.

ಕಾರ್ಮಿಕ ಬಂಧುಗಳೂ ವ್ಯಾಪಾರಿ ಮಿತ್ರರೂ ಈ ಮಾತನ್ನು ತಮ್ಮದೆಂದು ಎತ್ತಿಕೊಳ್ಳಬೇಕು. ಗೇಟಿನ ಕಾವಲುಗಾರನಿಗೆ ಕನಿಷ್ಠ ಕೂಲಿ, ಭವಿಷ್ಯ ನಿಧಿ ಸಿಕ್ಕುತ್ತಿದೆಯೇ ಎಂದು ಕಾರ್ಮಿಕ ಸಂಘಗಳು ವಿಚಾರಿಸಲಿ, ಅವನನ್ನು ಸಂಘದ ಒಳಗೆ ಕರೆದುಕೊಳ್ಳಲಿ. ಓದು ಬಲ್ಲ ಅಂಗಡಿಕಾರರು ತಮ್ಮ ಓಣಿಯ ಸೈನಿಕನ ವಿಧವೆಗೆ ಒಂದು ಅರ್ಜಿ ಬರೆದು ಕೊಡಲಿ. ಮುಂದಿನ ಧ್ವಜ ದಿನದಂದು ವಂತಿಗೆ ಕೇಳಲು ಬಂದವರಿಗೆ ಹಣವನ್ನೂ ಕೊಡೋಣ, ಅದರ ಜೊತೆಗೆ ಲೆಕ್ಕವನ್ನೂ ಕೇಳೋಣ. ನಮ್ಮ ತಾಲೂಕಿನಲ್ಲಿ ಈ ವರ್ಷ ಎಷ್ಟು ಮನೆಗಳಿಗೆ ನೆರವು ಮುಟ್ಟಿತು? ಉತ್ತರ ಕೊಡುವ ಅಧಿಕಾರಿ ತಾಲೂಕಿಗೆ ಬಂದು ಕೂಡುವವರೆಗೆ ಈ ಪ್ರಶ್ನೆ ನಿಲ್ಲಬಾರದು.