ತೊಗರಿಯೋ, ಬೇಳೆಯೋ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳ ಎರೆಹೊಲಗಳಲ್ಲಿ ತೊಗರಿ ಬೆಳೆಯುವ ಯಾವ ರೈತನೂ, ದೂರದೂರಿನ ಗೃಹಿಣಿಯು ಅದನ್ನು ನೆನೆಯಿಸಿ, ಕೆಮ್ಮಣ್ಣು ಹಚ್ಚಿ, ಒಣಗಿಸಿ, ಬೀಸುಕಲ್ಲಿನಲ್ಲಿ ಒಡೆದುಕೊಂಡು ಸಾರು ಮಾಡಲೆಂದು ಈಗ ನಿರೀಕ್ಷಿಸುವುದಿಲ್ಲ. ಅವಳ ಕೈಗೆ ಬರುವುದು ಬೇಳೆ. ಈ ಸಾಮಾನ್ಯ ವ್ಯವಹಾರನ್ಯಾಯವು ತಂತ್ರಾಂಶದ ಪೇಟೆಯಲ್ಲಿ ಆಗಾಗ ವಿಸ್ಮೃತವಾಗುತ್ತಿದೆ.

ಮುದ್ದೇಬಿಹಾಳದ ವಿದ್ಯಾರ್ಥಿಯೊಬ್ಬನು, ಅಡತಿ ಅಂಗಡಿಯ ತೂಕ, ದರ, ಹಮಾಲಿಗಳನ್ನೆಲ್ಲ ಟರ್ಮಿನಲ್ಲಿನ ಕಪ್ಪು ಪರದೆಯಲ್ಲೇ ಕೂಡಿಸಿಕೊಡುವ ಕಿರುಸಾಧನವೊಂದನ್ನು ಟೈಪ್‌ಸ್ಕ್ರಿಪ್ಟಿನಲ್ಲಿ ರಚಿಸಿದನೆಂದು ಭಾವಿಸೋಣ. ಮೈಕ್ರೋಸಾಫ್ಟ್ 2012ರಲ್ಲಿ ಪ್ರಕಟಿಸಿದ ಈ ಭಾಷೆ ಜಾವಾಸ್ಕ್ರಿಪ್ಟಾಗಿ ಪರಿವರ್ತಿತವಾಗಿಯೇ ಓಡತಕ್ಕದ್ದು. 2010ರಲ್ಲಿ ಹುಟ್ಟಿದ ಎನ್‌ಪಿಎಂ ಭಂಡಾರದ ಮೂಲಕ ಅವನು ದಲಾಲರ ಹಂಗಿಲ್ಲದೆ ಅದನ್ನು ಲೋಕಕ್ಕೆಲ್ಲ ಹಂಚಬಲ್ಲನು. ಆದರೆ ಮೂಲವನ್ನೇ ಮೂಟೆಕಟ್ಟಿ ಕಳುಹಿದನೋ, ಪಡೆದವನು ಬೀಸುಕಲ್ಲನ್ನೂ ಹುಡುಕಿಕೊಳ್ಳಬೇಕಾಗುತ್ತದೆ. ಜಾವಾಸ್ಕ್ರಿಪ್ಟನ್ನು ಓಡಿಸುವ ನೋಡ್ ಈಚೆಗೆ ಟೈಪ್‌ಸ್ಕ್ರಿಪ್ಟಿನ ಸಿಪ್ಪೆಯನ್ನು ತಾನೇ ಸುಲಿದು ಓಡಿಸಬಲ್ಲುದಾದರೂ, ಭಂಡಾರದಿಂದ ಬಂದು ನೋಡ್‌ಮಾಡ್ಯೂಲ್ಸ್ ಕೋಶದಲ್ಲಿ ಕುಳಿತ ಕಡತಗಳಿಗೆ ಆ ಸೇವೆಯನ್ನು ಬುದ್ಧಿಪೂರ್ವಕವಾಗಿಯೇ ನಿರಾಕರಿಸುತ್ತದೆ. ಹಲವರು ಇದನ್ನು ಹಟವೆನ್ನುವರು, ನಾನು ವಿವೇಕವೆನ್ನುವೆನು. ಗಿರಣಿಯ ಕೆಲಸವನ್ನು ಒಬ್ಬನು ಒಮ್ಮೆ ಮಾಡಿದರೆ ಸಾಲದೇ, ಪ್ರತಿ ಅಡುಗೆಮನೆಯಲ್ಲೂ ಅದು ಏಕೆ ನಡೆಯಬೇಕು?

ಆದರೆ ಬೇಳೆಯಾದ ಮೇಲೆ ಅದು ಯಾವ ಹೊಲದ್ದೆಂದು ಗುರುತಿಸುವುದೆಂತು ಎಂಬ ಆಕ್ಷೇಪಣೆಯನ್ನು ಸುಲಭವಾಗಿ ತಳ್ಳಿಹಾಕಲಾಗದು. ಏಕೆಂದರೆ ಬಹಿರಂಗವಾಗಿ ತೋರಿಸಿದ ಮೂಲವೊಂದು, ಭಂಡಾರಕ್ಕೇರಿದ ಸಂಕಲಿತ ಕಡತ ಮತ್ತೊಂದು ಆಗಿರುವ ವಂಚನೆಗೆ ಅಲ್ಲಿ ಅವಕಾಶವುಂಟು. ಇಂಡಿಯ ಲಿಂಬೆಗೆ ಭೌಗೋಳಿಕ ಸೂಚಕ ದೊರೆತಿರುವಂತೆ, ಪ್ಯಾಕೇಜು ಯಾವ ಮೂಲದಿಂದ, ಎಲ್ಲಿ ಸಿದ್ಧವಾಯಿತೆಂಬ ಸಹಿಯುಕ್ತ ದಾಖಲೆಯನ್ನು ಜೊತೆಗಿರಿಸುವ ಏರ್ಪಾಡನ್ನು ಎನ್‌ಪಿಎಂ 2023ರಲ್ಲಿ ತಂದಿತು. ಹಣ್ಣು ಕೊಳೆತಿಲ್ಲವೆಂದು ಆ ದಾಖಲೆ ಹೇಳದು, ಊರನ್ನಷ್ಟೇ ಹೇಳುತ್ತದೆ. ಅಷ್ಟಾದರೂ ನಮ್ಮ ತರುಣರು ಅದನ್ನು ಬಳಸತಕ್ಕದ್ದು.

ಇನ್ನೊಂದು ಪ್ರಮಾದ ನಗೆಗೀಡಾಗುವಂಥದು. ಸಂಕಲಿತ ಕಡತಗಳ ಕೋಶವನ್ನು ಗಿಟ್‌ಇಗ್ನೋರ್ ಎಂಬ ಕಡೆಗಣನೆಯ ಪಟ್ಟಿಗೆ ಸೇರಿಸುವುದು ರೂಢಿ. ಪ್ಯಾಕೇಜಿನ ವಿವರಪತ್ರದ ‘ಫೈಲ್ಸ್’ ಎಂಬಲ್ಲಿ ಅದನ್ನು ಹೆಸರಿಸದೆ, ಬೇರೆ ಎನ್‌ಪಿಎಂಇಗ್ನೋರ್ ಕಡತವನ್ನೂ ಇರಿಸದೆ ಹೋದರೆ, ಎನ್‌ಪಿಎಂ ಆ ಗಿಟ್ ಪಟ್ಟಿಯನ್ನೇ ಪ್ರಮಾಣವೆಂದೆಣಿಸಿ, ವಿವರಪತ್ರದಲ್ಲಿ ಆಜ್ಞೆಗೆಂದು ಹೆಸರಿಸಿದ ಕಡತವನ್ನುಳಿದು ಕೋಶದ ಮಿಕ್ಕ ಕಡತಗಳನ್ನು ಹೊರಗೆ ಬಿಡುತ್ತದೆ. ರಚಿಸಿದವನ ಯಂತ್ರದಲ್ಲಿ ಎಲ್ಲವೂ ಸುಸೂತ್ರ. ‘ಬಿನ್’ ಎಂಬಲ್ಲಿ ಆಜ್ಞೆಯ ಹೆಸರೂ ಸರಿಯಾಗಿದೆ. ಮೂಟೆಯ ಮೇಲೆ ಚೀಟಿಯುಂಟು, ಒಳಗೆ ಬೇಳೆ ಪೂರ್ತಿಯಿಲ್ಲ. ಭಂಡಾರಕ್ಕೇರಿಸುವ ಮುನ್ನ ‘ಎನ್‌ಪಿಎಂ ಪ್ಯಾಕ್’ ಆಜ್ಞೆಯಿಂದ ಮೂಟೆಯನ್ನು ತನ್ನಲ್ಲೇ ಕಟ್ಟಿ, ಸಿಂದಗಿಯ ಗೆಳೆಯನೊಬ್ಬನ ಯಂತ್ರದಲ್ಲಿ ಬಿಚ್ಚಿಸಿದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿತ್ತು.